ಹಳೇ ಬ್ಯಾಂಕು, ಅಗ್ಗದ ಪಬ್ಬು: ಯಾರ ರಿವ್ಯೂ ನಂಬಬೇಕು?

ಪ್ರಶ್ನೆ: ಮಗಳು ಉತ್ತರ ಇಂಗ್ಲೆಂಡಿನಲ್ಲಿ ಓದುತ್ತಿದ್ದಾಳೆ. ಮುಂದಿನ ತಿಂಗಳು ನಾನು, ನನ್ನ ಹೆಂಡತಿ, 14 ವರ್ಷದ ಮಗ ಮತ್ತು 76 ವರ್ಷದ ಅಮ್ಮ ಅವಳನ್ನು ನೋಡಲು ಹೋಗುತ್ತಿದ್ದೇವೆ. ಅವಳ ಊರಿನಲ್ಲಿ ನೂರು ವರ್ಷ ಹಳೆಯ ಬ್ಯಾಂಕ್ ಕಟ್ಟಡದಲ್ಲಿ ಒಂದು ಅಗ್ಗದ ಪಬ್ ಇದೆ. ಎಲ್ಲರೂ ಅಲ್ಲಿ ಒಮ್ಮೆ ಊಟ ಮಾಡೋಣ ಅಂತ ಅವಳ ಆಸೆ. ರಿವ್ಯೂ ಓದಿದೆ. ಒಬ್ಬರು ‘ಅರಮನೆಯಲ್ಲಿ ಕೂತ ಹಾಗಿತ್ತು’ ಅಂತ ಐದು ಸ್ಟಾರ್ ಕೊಟ್ಟಿದ್ದಾರೆ. ಮರುದಿನವೇ ಇನ್ನೊಬ್ಬರು ‘ಗಲಾಟೆ, ಕೊಳಕು ಟೇಬಲ್, ಯಾರೂ ತಿರುಗಿ ನೋಡಲಿಲ್ಲ’ ಅಂತ ಒಂದು ಸ್ಟಾರ್ ಕೊಟ್ಟಿದ್ದಾರೆ. ನಾವು ಸಸ್ಯಾಹಾರಿಗಳು, ಯಾರೂ ಕುಡಿಯುವುದಿಲ್ಲ. ಅಮ್ಮನಿಗೆ ಮಂಡಿ ನೋವು. ಹೋಗಬಹುದಾ? ಯಾರ ಮಾತು ನಂಬಬೇಕು?

ಉತ್ತರ: ಹೋಗಿ. ಖಂಡಿತ ಹೋಗಿ. ಆದರೆ ಶನಿವಾರ ಸಂಜೆ ಮಾತ್ರ ಬೇಡ. ಮಂಗಳವಾರವೋ ಬುಧವಾರವೋ ಬೆಳಗ್ಗೆ ಹತ್ತರ ಹೊತ್ತಿಗೆ ಹೋಗಿ.

ನೀವು ಓದಿದ ಇಬ್ಬರೂ ಸುಳ್ಳು ಹೇಳಿಲ್ಲ. ನಾನು ಬ್ರಿಟನ್ನಿನ ಪಬ್ಬುಗಳಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ಮೊದಲು ಬಾರ್ ಹಿಂದೆ ನಿಂತೆ, ಆಮೇಲೆ ಮ್ಯಾನೇಜರ್ ಆದೆ. ಅವುಗಳಲ್ಲಿ ಎರಡು ಪಬ್ಬುಗಳು ಹಳೇ ಕಟ್ಟಡದಲ್ಲಿದ್ದವು. ಸೋಮವಾರ ಬೆಳಗ್ಗೆ ಹಿಂದಿನ ವಾರದ ರಿವ್ಯೂಗಳನ್ನು ಹುಡುಗರ ಜೊತೆ ಕೂತು ಓದುತ್ತಿದ್ದೆ. ಓದಿ ಓದಿ ಒಂದು ವಿಷಯ ನನಗೆ ಗಟ್ಟಿಯಾಯಿತು. ಜನ ಊಟಕ್ಕೆ ಸ್ಟಾರ್ ಕೊಡುತ್ತಿದ್ದೇವೆ ಅಂದುಕೊಳ್ಳುತ್ತಾರೆ. ನಿಜವಾಗಿ ಅವರು ಸ್ಟಾರ್ ಕೊಡುವುದು ಕಟ್ಟಡಕ್ಕೆ ಮತ್ತು ಅವರು ಹೋದ ಹೊತ್ತಿಗೆ. ಹೊಗಳಿಕೆಯೂ ಅಲ್ಲಿಂದಲೇ ಬರುತ್ತದೆ, ಬೈಗುಳವೂ ಅಲ್ಲಿಂದಲೇ.

ಇದನ್ನು ನಾನು ಸ್ವಂತ ಅಮ್ಮನ ಜೊತೆ ಕಲಿತೆ. ಅವರು ನನ್ನ ಹತ್ತಿರ ಬಂದಿದ್ದಾಗ ಒಂದು ಶನಿವಾರ ರಾತ್ರಿ ಎಂಟಕ್ಕೆ ಇಂಥದ್ದೇ ಒಂದು ಹಳೇ ಬ್ಯಾಂಕ್ ಪಬ್ಬಿಗೆ ಕರೆದುಕೊಂಡು ಹೋದೆ. ನಾನು ಕೆಲಸ ಮಾಡುತ್ತಿದ್ದ ಜಾಗ ಅಲ್ಲ. ಬಾಗಿಲು ತೆಗೆದ ಕೂಡಲೇ ಸದ್ದು ಮುಖಕ್ಕೆ ಬಡಿಯಿತು. ಹಾಡು ಇರಲಿಲ್ಲ, ಬರೀ ಮನುಷ್ಯರ ಮಾತು. ಸಿಕ್ಕ ಒಂದೇ ಟೇಬಲ್ ಮೇಲೆ ಹನ್ನೆರಡು ಖಾಲಿ ಗ್ಲಾಸು, ಕೆಚಪ್ ಮೆತ್ತಿದ ತಟ್ಟೆ. ನಾನೇ ಟಿಶ್ಯೂ ತಗೊಂಡು ಒರೆಸಿದೆ. ಅಮ್ಮ ಟಾಯ್ಲೆಟ್ ಎಲ್ಲಿ ಅಂದರು. ಕೆಳಗೆ, ಹಳೇ ಲಾಕರ್ ರೂಮಿನ ಪಕ್ಕ. ಅಮ್ಮ ಪಕ್ಕದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಮೇಲೆ ಬಂದಾಗ ಏನೂ ಹೇಳಲಿಲ್ಲ, ಸೆರಗಿನಿಂದ ಹಣೆ ಒರೆಸಿಕೊಂಡರು. ನನಗೆ ಅವತ್ತು ಊಟ ಸೇರಲಿಲ್ಲ.

ಹತ್ತು ದಿನ ಬಿಟ್ಟು ಅದೇ ಪಬ್ಬಿಗೆ ಬುಧವಾರ ಬೆಳಗ್ಗೆ ಹೋದೆವು. ಅದೇ ಹಾಲ್. ಗುಮ್ಮಟದ ಗಾಜಿನಿಂದ ಬಿಸಿಲು ನೇರವಾಗಿ ಕಾರ್ಪೆಟ್ ಮೇಲೆ ಬಿದ್ದಿತ್ತು. ಮೂಲೆಯಲ್ಲಿ ಒಬ್ಬ ಅಜ್ಜ ಪೇಪರ್ ಓದುತ್ತಾ ಕಾಫಿ ಕುಡಿಯುತ್ತಿದ್ದರು. ಟೇಬಲ್ ಹೊಳೆಯುತ್ತಿತ್ತು. ಅಮ್ಮ ಕುರ್ಚಿಯಲ್ಲಿ ಕೂತು ತಲೆ ಎತ್ತಿ ಸೂರಿನ ಹೂವಿನ ಕೆತ್ತನೆಯನ್ನು ಎಷ್ಟೋ ಹೊತ್ತು ನೋಡಿದರು. ‘ಇಷ್ಟು ಚೆಂದದ ಜಾಗದಲ್ಲಿ ಟೀಗೆ ಇಷ್ಟೇ ದುಡ್ಡಾ?’ ಅಂದರು. ಕಟ್ಟಡ ಅದೇ, ಅಡುಗೆಮನೆ ಅದೇ, ಬೆಲೆ ಅದೇ. ಮೊದಲ ದಿನ ಬರೆದಿದ್ದರೆ ಒಂದು ಸ್ಟಾರ್, ಎರಡನೇ ದಿನ ಐದು.

ಈಗ ಇಷ್ಟು ದೊಡ್ಡ ಕಟ್ಟಡದಲ್ಲಿ ಇಷ್ಟು ಕಡಿಮೆ ಬೆಲೆ ಹೇಗೆ ಅನ್ನೋದಕ್ಕೆ ಬರುತ್ತೇನೆ. ಬೆಲೆ ಕಡಿಮೆ ಅಂದರೆ ಏನೋ ಮೋಸ ಇರಬೇಕು ಅಂತ ತುಂಬ ಜನ ಅನುಮಾನ ಪಡುತ್ತಾರೆ. ಬ್ರಿಟನ್ನಿನಲ್ಲಿ ಈ ದಾರಿ ಹಾಕಿದ್ದು ಮುಖ್ಯವಾಗಿ ವೆದರ್‌ಸ್ಪೂನ್ ಸರಪಳಿ. ಅಲ್ಲಿನವರು ಪ್ರೀತಿಯಿಂದ ‘ಸ್ಪೂನ್ಸ್’ ಅನ್ನುತ್ತಾರೆ. ಅದರ ಸ್ಥಾಪಕ ಟಿಮ್ ಮಾರ್ಟಿನ್ 1979ರಲ್ಲಿ ಉತ್ತರ ಲಂಡನ್ನಿನಲ್ಲಿ ಮೊದಲ ಪಬ್ ತೆಗೆದರು. ಈಗ ಬ್ರಿಟನ್ ಮತ್ತು ಐರ್ಲೆಂಡ್ ಸೇರಿ ಸುಮಾರು 800 ಇವೆ. ಬ್ಯಾಂಕುಗಳು ಒಂದರೊಳಗೊಂದು ಸೇರಿ ಶಾಖೆಗಳು ಮುಚ್ಚಿದವು. ಟೀವಿ ಬಂದು ಸಿನಿಮಾ ಮಂದಿರಗಳು ಖಾಲಿಯಾದವು. ಊರಿನ ನಡುವೆ ದೊಡ್ಡ ದೊಡ್ಡ ಕಟ್ಟಡಗಳು ಹಾಗೇ ಬಿದ್ದಿದ್ದವು. ಕೆಡವಲು ಕಾನೂನು ಬಿಡುವುದಿಲ್ಲ, ಅಂಗಡಿಗೆ ಅಷ್ಟು ದೊಡ್ಡ ಜಾಗ ಬೇಡ. ಪಬ್ಬಿಗೆ ಮಾತ್ರ ಹೇಳಿ ಮಾಡಿಸಿದ ಹಾಗಿತ್ತು. ಟನ್‌ಬ್ರಿಜ್ ವೆಲ್ಸ್ ಊರಿನಲ್ಲಿ 1902ರಲ್ಲಿ ಕಟ್ಟಿದ ಒಪೆರಾ ಹೌಸ್ ಆಮೇಲೆ ಸಿನಿಮಾ ಮಂದಿರವಾಯಿತು, ಬಿಂಗೊ ಹಾಲ್ ಆಯಿತು, 1996ರಲ್ಲಿ ಪಬ್ ಆಯಿತು. ವೇದಿಕೆ, ಬಾಲ್ಕನಿ ಎಲ್ಲ ಇನ್ನೂ ಇವೆ. ಎಡಿನ್‌ಬರೋದ ಜಾರ್ಜ್ ಸ್ಟ್ರೀಟಿನ ‘ಸ್ಟ್ಯಾಂಡಿಂಗ್ ಆರ್ಡರ್’ ಪಬ್ ಹಿಂದೆ ಯೂನಿಯನ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್. ಅದರ ದೊಡ್ಡ ತಿಜೋರಿಯನ್ನು ಹಾಗೇ ಉಳಿಸಿಕೊಂಡಿದ್ದಾರೆ. ನನಗೆ ಬಹಳ ಇಷ್ಟವಾದದ್ದು ಮ್ಯಾಂಚೆಸ್ಟರಿನ ಚೋರ್ಲ್‌ಟನ್ನಿನ ‘ಸೆಜ್ ಲಿನ್’. 1907ರಲ್ಲಿ ಅದನ್ನು ಕಟ್ಟಿದ್ದು ಪಾನನಿರೋಧ ಚಳವಳಿಯ ಬಿಲಿಯರ್ಡ್ಸ್ ಹಾಲ್ ಆಗಿ. ಜನ ಕುಡಿಯುವುದು ಬಿಟ್ಟು ಇಲ್ಲಿ ಆಟ ಆಡಲಿ ಅನ್ನುವ ಉದ್ದೇಶ. ಆ ಕಮಾನು ಛಾವಣಿ ಇವತ್ತೂ ಉಳಿದಿದೆ, ಅದರ ಕೆಳಗೆ ಈಗ ಪಬ್.

ಬೆಲೆ ಕಡಿಮೆಯಾಗಲು ಕಾರಣಗಳು ಸರಳ. ಬ್ರಿಟನ್ನಿನ ಎಷ್ಟೋ ಪಬ್ಬುಗಳು ಬಿಯರ್ ತಯಾರಿಸುವ ಯಾವುದೋ ಬ್ರೂವರಿಗೋ ಪಬ್ ಕಂಪನಿಗೋ ‘ಟೈ’ ಆಗಿರುತ್ತವೆ. ಅಂದರೆ ಬಿಯರನ್ನು ಅವರಿಂದಲೇ, ಅವರು ಹೇಳಿದ ರೇಟಿಗೇ ಕೊಳ್ಳಬೇಕು. ದೊಡ್ಡ ಸ್ವತಂತ್ರ ಸರಪಳಿಗೆ ಆ ಕಟ್ಟು ಇಲ್ಲ. ನೂರಾರು ಪಬ್ಬುಗಳಿಗೆ ಒಟ್ಟಿಗೆ ಕೊಂಡರೆ ಚೌಕಾಸಿ ಮಾಡಬಹುದು. ಬಹುತೇಕ ಸ್ಪೂನ್ಸ್‌ಗಳಲ್ಲಿ ಹಾಡು ಹಾಕುವುದಿಲ್ಲ, ಹಾಗಾಗಿ ಸಂಗೀತದ ಲೈಸೆನ್ಸ್ ಖರ್ಚೂ ಇಲ್ಲ. ಬೆಳಗ್ಗೆಯಿಂದ ರಾತ್ರಿವರೆಗೆ ಬಾಗಿಲು ತೆಗೆದಿರುತ್ತದೆ, ಟೇಬಲ್ ಖಾಲಿ ಕೂರುವುದಿಲ್ಲ. ಅಡುಗೆ ಅಂದರೆ ಬಹುಪಾಲು ಮೊದಲೇ ತಯಾರಾಗಿ ಬಂದದ್ದನ್ನು ಬಿಸಿ ಮಾಡಿ, ಕರಿದು, ತಟ್ಟೆಗೆ ಹಾಕಿ ಕೊಡುವುದು. ಇದರಲ್ಲಿ ಮುಚ್ಚುಮರೆ ಏನಿಲ್ಲ. ಒಬ್ಬ ಬಾಣಸಿಗ ನಿಮಗಾಗಿ ನಿಂತು ಬೇಯಿಸಿದ ಊಟ ಬೇಕಿದ್ದರೆ ಇದು ಆ ಜಾಗ ಅಲ್ಲ. ಲಂಡನ್ನಿನಲ್ಲಿ ಬರೀ ಒಂದು ಪಿಂಟ್ (ಅರ್ಧ ಲೀಟರಿಗಿಂತ ತುಸು ಜಾಸ್ತಿ) ಬಿಯರಿಗೇ 6 ಪೌಂಡ್ ದಾಟುವುದು ಈಗ ಸಾಮಾನ್ಯ. ಅಂಥ ದೇಶದಲ್ಲಿ ವಿದ್ಯಾರ್ಥಿಗಳು, ಪಿಂಚಣಿದಾರರು, ಪಾಳಿ ಮುಗಿಸಿ ಬಂದ ನರ್ಸುಗಳು ಲೆಕ್ಕ ಹಾಕದೆ ಬಂದು ಕೂರುವ ಜಾಗ ಅಂದರೆ ಇದೇ. ನನಗೆ ಈ ಪಬ್ಬುಗಳ ಮೇಲೆ ಪ್ರೀತಿ ಇರುವುದೂ ಅದಕ್ಕೇ. ಒಂದು ಎಚ್ಚರಿಕೆ: ಒಂದೇ ಸರಪಳಿಯಾದರೂ ಎಲ್ಲ ಕಡೆ ಒಂದೇ ಬೆಲೆ ಇರುವುದಿಲ್ಲ. ರೈಲು ನಿಲ್ದಾಣ, ಏರ್‌ಪೋರ್ಟ್, ಲಂಡನ್ನಿನ ನಡುಭಾಗದಲ್ಲಿ ಜಾಸ್ತಿ.

ಇನ್ನು ಕಟ್ಟಡ. ನಿಮ್ಮ ಅಮ್ಮನ ವಿಷಯ ಇರುವುದೇ ಇಲ್ಲಿ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಇಂಥ ಕಟ್ಟಡಗಳು ಬಹಳಷ್ಟು ‘ಲಿಸ್ಟೆಡ್’, ಅಂದರೆ ಕಾನೂನಿನ ರಕ್ಷಣೆ ಇರುವ ಪಟ್ಟಿಯಲ್ಲಿ ಸೇರಿದವು. ಇಂಗ್ಲೆಂಡಿನಲ್ಲಿ ಗ್ರೇಡ್ ಒಂದು, ಎರಡು ಸ್ಟಾರ್, ಎರಡು ಅಂತ ಮೂರು ದರ್ಜೆ. ಅನುಮತಿ ಇಲ್ಲದೆ ಒಂದು ಗೋಡೆ ಒಡೆದರೂ ಅದು ಅಪರಾಧ. ಹಾಗಾಗಿ ಪಬ್ಬಿನವರು ತಮಗೆ ಬೇಕಾದ ಹಾಗೆ ಬದಲಾಯಿಸಲು ಆಗುವುದಿಲ್ಲ. ಹಳೇ ಬ್ಯಾಂಕಿನ ನೆಲಮಹಡಿ ಅಂದರೆ ಒಂದೇ ದೊಡ್ಡ ಹಾಲ್. ಅದನ್ನು ತುಂಡು ಮಾಡುವ ಹಾಗಿಲ್ಲ. ಟಾಯ್ಲೆಟ್‌ಗಳು ಕೆಳಗಿನ ತಿಜೋರಿ ಕೋಣೆಗಳ ಕಡೆಗೋ, ಮೇಲಿನ ಆಫೀಸುಗಳ ಕಡೆಗೋ ಹೋಗುತ್ತವೆ. ‘ಟಾಯ್ಲೆಟ್ಟಿಗೆ ಹೋಗಿ ಬರುವುದೇ ಒಂದು ವಾಕಿಂಗ್’ ಅನ್ನುವ ದೂರು ಇಂಥ ಎಷ್ಟೋ ಪಬ್ಬುಗಳ ರಿವ್ಯೂನಲ್ಲಿ ಇರುತ್ತದೆ, ಅದು ನಿಜ.

ಆದರೆ ಅಮ್ಮ ಆ ಮೆಟ್ಟಿಲು ಇಳಿಯಬೇಕಾಗಿಲ್ಲ. ಅಂಗವಿಕಲರಿಗೆ ಬೇಕಾದ ತಕ್ಕ ಅನುಕೂಲ ಮಾಡಿಕೊಡಬೇಕು ಅಂತ 2010ರ ಸಮಾನತಾ ಕಾಯ್ದೆ ಹೇಳುತ್ತದೆ. ಹಾಗಾಗಿ ನೆಲಮಹಡಿಯಲ್ಲೇ ವ್ಹೀಲ್‌ಚೇರಿನವರಿಗಾಗಿ ಒಂದು ಟಾಯ್ಲೆಟ್ ಸಾಮಾನ್ಯವಾಗಿ ಇರುತ್ತದೆ. ಎಷ್ಟೋ ಕಡೆ ಅದಕ್ಕೆ ಬೀಗ ಹಾಕಿರುತ್ತಾರೆ. ‘ರಾಡಾರ್ ಕೀ’ ಅಂತ ಒಂದು ದಪ್ಪ ಕೀ, 1981ರಿಂದ ದೇಶದ ಎಲ್ಲೆಡೆ ಇಂಥ ಸಾವಿರಾರು ಟಾಯ್ಲೆಟ್‌ಗಳಿಗೆ ಅದೇ ಕೀ ನಡೆಯುತ್ತದೆ. ನಿಮ್ಮ ಹತ್ತಿರ ಇರುವುದಿಲ್ಲ, ಪರವಾಗಿಲ್ಲ. ಬಾರಿನಲ್ಲಿ ಕೇಳಿದರೆ ಕೊಡುತ್ತಾರೆ ಅಥವಾ ಬಂದು ತೆಗೆಯುತ್ತಾರೆ. ವ್ಹೀಲ್‌ಚೇರ್ ಇಲ್ಲದಿದ್ದರೂ ‘ನಮ್ಮ ತಾಯಿಗೆ ಮೆಟ್ಟಿಲು ಕಷ್ಟ’ ಅಂದರೆ ಸಾಕು. ನನ್ನ ಅಮ್ಮನಿಗೆ ಆ ಶನಿವಾರ ನಾನು ಕೇಳಿದ್ದರೆ ಸಿಗುತ್ತಿತ್ತು. ಪಬ್ಬಿನಲ್ಲೇ ಕೆಲಸ ಮಾಡುವ ನಾನು ಸಂಕೋಚಪಟ್ಟು ಕೇಳಲಿಲ್ಲ. ನೀವು ಸಂಕೋಚ ಪಡಬೇಡಿ. ಹೋಗುವ ಮುಂಚೆ ಮಗಳಿಗೆ ಹೇಳಿ ಒಮ್ಮೆ ಕೇಳಿಸಿಡಿ. ಮುಂದಿನ ಬಾಗಿಲಿಗೆ ಕಲ್ಲಿನ ಮೆಟ್ಟಿಲಿದ್ದರೆ ಪಕ್ಕದಲ್ಲಿ ಇಳಿಜಾರಿನ ಬಾಗಿಲು ಇದೆಯಾ ಅಂತಲೂ ನೋಡಿಸಿ.

ಸದ್ದಿನ ದೂರು ಬರುವುದೂ ಕಟ್ಟಡದಿಂದಲೇ. ಎತ್ತರದ ಸೂರು, ಅಮೃತಶಿಲೆ ಕಂಬ, ಗಾರೆ ಗೋಡೆ, ಗಾಜು. ಮಾತು ಅಲ್ಲೆಲ್ಲ ಬಡಿದು ವಾಪಸ್ ಬರುತ್ತದೆ. ಪಕ್ಕದವರ ಮಾತು ಜೋರಾದರೆ ನೀವೂ ದನಿ ಏರಿಸುತ್ತೀರಿ, ಅವರು ಇನ್ನೂ ಏರಿಸುತ್ತಾರೆ. ಸ್ಪೂನ್ಸ್‌ನ ಕಾರ್ಪೆಟ್‌ಗಳು ಪ್ರಸಿದ್ಧ, ಪ್ರತಿ ಪಬ್ಬಿಗೂ ಬೇರೆ ಬೇರೆ ವಿನ್ಯಾಸ ಮಾಡಿಸುತ್ತಾರೆ. ಜನ ಅದರ ಫೋಟೊ ತೆಗೆಯುತ್ತಾರೆ. ನನ್ನ ಲೆಕ್ಕದಲ್ಲಿ ಆ ಕಾರ್ಪೆಟ್ ಮಾಡುವ ದೊಡ್ಡ ಕೆಲಸ ಅಂದರೆ ಸದ್ದು ನುಂಗುವುದು. ಹಾಗಾಗಿ ಕಲ್ಲು ಹಾಸಿದ ಕಡೆ, ಬಾರ್ ಹತ್ತಿರ ಕೂರಬೇಡಿ. ಕಾರ್ಪೆಟ್ ಇರುವ ಕಡೆ, ಗೋಡೆಗೆ ಒರಗಿದ ಮೆತ್ತನೆ ಬೆಂಚು ಹುಡುಕಿ. ಗುಮ್ಮಟದ ನೇರ ಕೆಳಗೆ ನೋಡಲು ಚೆಂದ, ಆದರೆ ಚಳಿಗಾಲದಲ್ಲಿ ಬಿಸಿ ಗಾಳಿ ಎಲ್ಲ ಮೇಲೆ ಹೋಗಿ ಕೂತಿರುತ್ತದೆ, ಕೆಳಗೆ ಕಾಲು ಕೊರೆಯುತ್ತದೆ. ಬಾಗಿಲ ಪಕ್ಕವೂ ಬೇಡ. ಅಮ್ಮನಿಗೆ ಒಂದು ಶಾಲು ಜೊತೆಗಿರಲಿ.

ಬಿಯರಿನ ರುಚಿ ಕೂಡ ಕಟ್ಟಡದ ಕೈಯಲ್ಲಿದೆ ಅಂದರೆ ನಿಮಗೆ ಆಶ್ಚರ್ಯ ಆಗಬಹುದು. ನೀವು ಕುಡಿಯುವುದಿಲ್ಲ, ಆದರೆ ‘ಬಿಯರ್ ಹಳಸಿತ್ತು’ ಅನ್ನುವ ರಿವ್ಯೂ ಓದಿ ಇಡೀ ಜಾಗವೇ ಕೆಟ್ಟದ್ದು ಅಂದುಕೊಳ್ಳಬೇಡಿ. ಪೀಪಾಯಿಗಳು ನೆಲಮಾಳಿಗೆಯಲ್ಲಿರುತ್ತವೆ. ದೊಡ್ಡ ಕಟ್ಟಡದಲ್ಲಿ ಅಲ್ಲಿಂದ ಬಾರಿನವರೆಗೆ ಪೈಪು ತುಂಬ ಉದ್ದ. ರಾತ್ರಿಯಿಡೀ ಪೈಪಿನಲ್ಲಿ ನಿಂತ ಬಿಯರ್ ಬೆಳಗ್ಗೆ ಮೊದಲ ಗ್ಲಾಸಿಗೆ ಬಂದರೆ ಚೆನ್ನಾಗಿರುವುದಿಲ್ಲ. ಒಳ್ಳೆ ಬಾರಿನವರು ಅದನ್ನು ಮೊದಲೇ ಎಳೆದು ಚೆಲ್ಲುತ್ತಾರೆ. ನಾನು ಬೆಳಗ್ಗೆ ಬಂದ ತಕ್ಷಣ ಮಾಡುತ್ತಿದ್ದ ಮೊದಲ ಕೆಲಸ ಅದೇ: ಹ್ಯಾಂಡ್ ಪಂಪನ್ನು ನಿಧಾನವಾಗಿ ಎಳೆಯುವುದು, ಮಬ್ಬು ಹೋಗಿ ಬಣ್ಣ ತಿಳಿಯಾಗುವ ತನಕ ಕಾಯುವುದು, ಒಂದು ಗುಟುಕು ಬಾಯಿಗೆ ಹಾಕಿ ನೋಡುವುದು. ಯಾರಿಗಾದರೂ ಕೆಟ್ಟ ಪಿಂಟ್ ಬಂದರೆ ಸುಮ್ನೆ ವಾಪಸ್ ಕೊಟ್ಟರೆ ಆಯಿತು. ಮಾತಿಲ್ಲದೆ ಬದಲಾಯಿಸಿ ಕೊಡುವುದೇ ಅಲ್ಲಿನ ಪದ್ಧತಿ.

‘ಯಾರೂ ತಿರುಗಿ ನೋಡಲಿಲ್ಲ’ ಅಂತ ಬರೆದವರಿಗೆ ಏನಾಗಿರಬಹುದು ಅಂತ ನಾನು ಊಹಿಸಬಲ್ಲೆ. ಅವರು ಟೇಬಲ್ಲಿನಲ್ಲಿ ಕೂತು ವೇಟರ್ ಬರಲಿ ಅಂತ ಕಾದಿದ್ದಾರೆ. ಬ್ರಿಟಿಷ್ ಪಬ್ಬಿನಲ್ಲಿ ಸಾಮಾನ್ಯವಾಗಿ ವೇಟರ್ ಬರುವುದಿಲ್ಲ. ನೀವೇ ಬಾರಿಗೆ ಹೋಗಿ ಹೇಳಿ, ದುಡ್ಡು ಕೊಟ್ಟು, ಟೇಬಲ್ ನಂಬರ್ ಹೇಳಿ ಬರಬೇಕು. ಊಟ ಟೇಬಲ್ಲಿಗೆ ಬರುತ್ತದೆ. ಬಾರಿನಲ್ಲಿ ಸಾಲು ಇಲ್ಲದ ಹಾಗೆ ಕಂಡರೂ ಯಾರು ಮೊದಲು ಬಂದರು ಅಂತ ಒಳಗಿನವರು ಗಮನದಲ್ಲಿ ಇಟ್ಟುಕೊಂಡಿರುತ್ತಾರೆ. ಕಣ್ಣು ಕೂಡಿಸಿ ನಿಂತರೆ ಸಾಕು, ನೋಟು ಬೀಸಬೇಡಿ, ಚಿಟಿಕೆ ಹೊಡೆಯಬೇಡಿ. ಇಲ್ಲದಿದ್ದರೆ ಫೋನಿನ ಆ್ಯಪ್ ಇದೆ. ಕೂತಲ್ಲಿಂದಲೇ ಆರ್ಡರ್ ಮಾಡಬಹುದು, ಅಮ್ಮ ಜೊತೆಗಿರುವಾಗ ಅದೇ ಅನುಕೂಲ. ಆ್ಯಪಿನಲ್ಲಿ ಪಬ್ಬಿನ ಹೆಸರು ಸರಿಯಾಗಿ ಆರಿಸಿ. ಒಂದೇ ಊರಲ್ಲಿ ಒಂದೇ ಸರಪಳಿಯ ಮೂರು ಪಬ್ ಇರಬಹುದು. ತಪ್ಪು ಪಬ್ ಆರಿಸಿ, ಅಲ್ಲಿನ 42ನೇ ಟೇಬಲ್ಲಿನ ಅಪರಿಚಿತರಿಗೆ ಊಟ ಕಳಿಸಿ, ನಮ್ಮ ಪಬ್ಬಿನಲ್ಲಿ ಮುಕ್ಕಾಲು ಗಂಟೆ ಹಸಿದು ಕೂತ ಒಂದು ಕುಟುಂಬವನ್ನು ನಾನೇ ನೋಡಿದ್ದೇನೆ. ಟಿಪ್ ಕೊಡಬೇಕಾ? ಬೇಕಿಲ್ಲ, ಯಾರೂ ಕಾಯುವುದಿಲ್ಲ.

ಊಟದ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಬ್ರಿಟನ್ನಿನಲ್ಲಿ ‘ವೆಜಿಟೇರಿಯನ್’ ಅಂದರೆ ಮೊಟ್ಟೆ ಸೇರಿದೆ. ವೆಜಿಟೇರಿಯನ್ ಬ್ರೇಕ್‌ಫಾಸ್ಟ್ ಅಂತ ಕೇಳಿದರೆ ಟೊಮೇಟೊ ಸಾಸಿನಲ್ಲಿ ಬೇಯಿಸಿದ ಬೀನ್ಸ್ ಕಾಳು, ಅಣಬೆ, ಟೊಮೇಟೊ, ವೆಜ್ ಸಾಸೇಜ್ ಜೊತೆಗೆ ಮೊಟ್ಟೆಯೂ ಬರುತ್ತದೆ. ಮೊಟ್ಟೆ ಬೇಡ ಅಂದರೆ ವೀಗನ್ ಗುರುತಿನದ್ದು ತಗೊಳ್ಳಿ. ಅದರಲ್ಲಿ ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ. ಸಾಸೇಜ್ ನೋಡಲು ಮಾಂಸದ ಹಾಗೇ ಇರುತ್ತದೆ, ಅಮ್ಮನಿಗೆ ಮೊದಲೇ ಹೇಳಿಬಿಡಿ. ಚಿಪ್ಸ್ (ಅಲ್ಲಿ ಹಾಗಂದರೆ ನಮ್ಮ ಫ್ರೆಂಚ್ ಫ್ರೈಸ್) ಕರಿಯುವ ಎಣ್ಣೆಯಲ್ಲೇ ಮೀನನ್ನೂ ಕರಿಯುತ್ತಾರಾ ಅಂತ ಕೇಳಿ, ಕೇಳುವುದು ತಪ್ಪಲ್ಲ, ದಿನಾ ಯಾರಾದರೂ ಕೇಳುತ್ತಾರೆ. ಅದರ ಚಿಂತೆಯೇ ಬೇಡ ಅಂದರೆ ಸಿಪ್ಪೆ ಸಮೇತ ಬೇಯಿಸಿದ ಜಾಕೆಟ್ ಪೊಟ್ಯಾಟೊ, ಮೇಲೆ ಬೀನ್ಸ್. ಬಿಸಿಯಾಗಿರುತ್ತದೆ, ಮೆತ್ತಗಿರುತ್ತದೆ, ವಯಸ್ಸಾದವರಿಗೆ ಒಳ್ಳೆಯದು. ವೂಸ್ಟರ್ ಸಾಸ್ ಮಾತ್ರ ಮುಟ್ಟಬೇಡಿ, ಅದರ ಮಾಮೂಲಿ ಬಗೆಯಲ್ಲಿ ಆಂಚೊವಿ ಮೀನು ಇರುತ್ತದೆ. ಕುಡಿಯುವ ಸಸ್ಯಾಹಾರಿಗಳು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು: ಪೀಪಾಯಿ ಬಿಯರನ್ನು ತಿಳಿ ಮಾಡಲು ಹಿಂದಿನಿಂದಲೂ ಐಸಿಂಗ್‌ಗ್ಲಾಸ್ ಬಳಸುತ್ತಾರೆ. ಅದು ಮೀನಿನ ಈಜುಚೀಲದಿಂದ ತೆಗೆದದ್ದು. ಈಗ ಅದಿಲ್ಲದ ಬಿಯರ್‌ಗಳೂ ಬಹಳ ಇವೆ, ಕೇಳಿ ತಗೊಳ್ಳಿ.

ಕುಡಿಯದವರು ಪಬ್ಬಿಗೆ ಹೋದರೆ ಯಾರಾದರೂ ಏನಾದರೂ ಅಂದುಕೊಳ್ಳುತ್ತಾರಾ? ಇಲ್ಲ. ಬೆಳಗಿನ ಹೊತ್ತು ಅರ್ಧ ಪಬ್ ಟೀ ಕಾಫಿಯವರೇ. ಮದ್ಯ ಮಾರುವ ಜಾಗದಲ್ಲಿ ಗಿರಾಕಿ ಕೇಳಿದರೆ ಕುಡಿಯುವ ನೀರು ಉಚಿತವಾಗಿ ಕೊಡಬೇಕು ಅಂತ ಅಲ್ಲಿ ನಿಯಮವೇ ಇದೆ. ‘ಟ್ಯಾಪ್ ವಾಟರ್’ ಅಂತ ಕೇಳಿ. ಬರೀ ‘ವಾಟರ್’ ಅಂದರೆ ದುಡ್ಡಿನ ಬಾಟಲಿ ಬಂದುಬಿಡಬಹುದು. 14 ವರ್ಷದ ಮಗ ದೊಡ್ಡವರ ಜೊತೆ ಊಟಕ್ಕೆ ಬರಬಹುದು, ಸಂಜೆ ಇಷ್ಟು ಗಂಟೆಯ ಮೇಲೆ ಮಕ್ಕಳು ಬೇಡ ಅಂತ ಒಂದೊಂದು ಪಬ್ಬಿನಲ್ಲಿ ಒಂದೊಂದು ನಿಯಮ. ಬೆಳಗ್ಗೆ ಹೋದರೆ ಆ ಪ್ರಶ್ನೆಯೇ ಬರುವುದಿಲ್ಲ.

ಉಳಿದದ್ದು ರಿವ್ಯೂ ಓದುವ ಬಗೆ. ಸ್ಟಾರ್ ಎಣಿಸಬೇಡಿ, ಯಾವ ದಿನ, ಯಾವ ಹೊತ್ತು ಅಂತ ಹುಡುಕಿ. ಶನಿವಾರ ರಾತ್ರಿ ಟೇಬಲ್ ಕೊಳಕಾಗಿತ್ತು ಅಂದರೆ ಜನ ಜಾಸ್ತಿ ಇದ್ದರು, ಕೆಲಸದವರು ಕಡಿಮೆ ಇದ್ದರು ಅಂತ ಅರ್ಥ. ಮಂಗಳವಾರ ಬೆಳಗ್ಗೆಯೂ ಕೊಳಕಾಗಿತ್ತು ಅಂತ ಎರಡು ಮೂರು ಜನ ಬರೆದಿದ್ದರೆ ಅದು ಬೇರೆ ಮಾತು, ಆ ಪಬ್ಬನ್ನು ಸರಿಯಾಗಿ ನಡೆಸುತ್ತಿಲ್ಲ, ಹೋಗಬೇಡಿ. ಆರು ತಿಂಗಳಿಗಿಂತ ಹಳೆಯದನ್ನು ಬಿಟ್ಟುಬಿಡಿ, ಮ್ಯಾನೇಜರ್ ಬದಲಾದರೆ ಪಬ್ಬೇ ಬದಲಾಗುತ್ತದೆ. ಅಡುಗೆಮನೆಯ ಶುಚಿತ್ವಕ್ಕೆ ರಿವ್ಯೂ ಬೇಕೇ ಇಲ್ಲ. ಸ್ಥಳೀಯ ಆಡಳಿತದವರು ಬಂದು ನೋಡಿ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ಹಸಿರು-ಕಪ್ಪು ಸ್ಟಿಕರ್ ಬಾಗಿಲ ಮೇಲೆ ಇರುತ್ತದೆ. ಇಂಗ್ಲೆಂಡಿನಲ್ಲಿ ಅದನ್ನು ಅಂಟಿಸಲೇಬೇಕು ಅಂತ ಇಲ್ಲ, ಆದರೆ ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿಯ ತಾಣದಲ್ಲಿ ಪಬ್ಬಿನ ಹೆಸರು ಹಾಕಿದರೆ ಸಿಗುತ್ತದೆ. 5 ಇದ್ದರೆ ನೆಮ್ಮದಿಯಾಗಿ ಹೋಗಿ. 3ಕ್ಕಿಂತ ಕಡಿಮೆ ಇದ್ದರೆ ಎಷ್ಟೇ ಚೆಂದದ ಗುಮ್ಮಟ ಇದ್ದರೂ ನಾನು ಅಲ್ಲಿ ತಿನ್ನುವುದಿಲ್ಲ.

ಊಟ ಆದ ಮೇಲೆ ತಕ್ಷಣ ಎದ್ದು ಬರಬೇಡಿ. ಇಂಥ ಪಬ್ಬುಗಳ ಗೋಡೆ ಮೇಲೆ ಆ ಕಟ್ಟಡದ, ಆ ಊರಿನ ಹಳೇ ಫೋಟೊಗಳು, ಅದರ ಕೆಳಗೆ ನಾಲ್ಕು ಸಾಲಿನ ಬರಹ ಇರುತ್ತವೆ. ಬಹಳ ಜನ ನೋಡದೇ ಹೋಗುತ್ತಾರೆ. ನಿಮ್ಮ ಮಗಳು ಅವನ್ನು ಓದಿ ಅಜ್ಜಿಗೆ ಕನ್ನಡದಲ್ಲಿ ಹೇಳಲಿ. ಯಾವ ಕಡೆ ಕ್ಯಾಷಿಯರ್ ಕೂರುತ್ತಿದ್ದರು, ಮ್ಯಾನೇಜರ್ ರೂಮು ಎಲ್ಲಿತ್ತು ಅಂತ ಹುಡುಕುವುದು ಮಗನಿಗೂ ಆಟ ಆಗುತ್ತದೆ. ಬೆಳಗ್ಗೆ ಹೊತ್ತು ಬಾರಿನಲ್ಲಿ ಬಿಡುವಿರುತ್ತದೆ. ತಿಜೋರಿ ಬಾಗಿಲು ಇನ್ನೂ ಇದೆಯಾ ಅಂತ ಕೇಳಿ ನೋಡಿ, ಇದ್ದರೆ ತೋರಿಸುತ್ತಾರೆ.